ಗಲಭೆಗೆ ಮೊದಲೇ ಕೂಡಿದ ಸಭೆ

1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಉರುಳಿದ ವಾರ್ತೆ ಮುಂಬಯಿಯನ್ನು ಮುಟ್ಟಿದೊಡನೆ, ಆ ಡಿಸೆಂಬರಿನಲ್ಲೊಮ್ಮೆ, ಮುಂದಿನ ಜನವರಿಯಲ್ಲಿ ಮತ್ತೊಮ್ಮೆ, ಆ ಮಹಾನಗರವು ಹೊತ್ತಿ ಉರಿದುದನ್ನು ಅಂದಿನ ದಿನಗಳನ್ನು ಕಂಡವರಾರೂ ಮರೆತಿರಲಾರರು. ಬೆಂಗಳೂರಿನಲ್ಲಿ ಜನಿಸಿ ಮುಂಬಯಿಯ ಉಚ್ಚ ನ್ಯಾಯಾಲಯದ ಪೀಠವನ್ನೇರಿದ ಬೆಳ್ಳೂರು ನಾರಾಯಣಸ್ವಾಮಿ ಶ್ರೀಕೃಷ್ಣ ಅವರ ವಿಚಾರಣಾ ಆಯೋಗವು 1998ರಲ್ಲಿ ಒಪ್ಪಿಸಿದ ವರದಿಯ ಪ್ರಕಾರ, ಆ ಎರಡು ಸುತ್ತಿನ ಗಲಭೆಗಳಲ್ಲಿ ಮಡಿದವರು 900 ಮಂದಿ: ಮುಸಲ್ಮಾನರು 575, ಹಿಂದುಗಳು 275, ಯಾರೆಂದು ಗುರುತು ಹತ್ತದವರು 45, ಇತರರು 5. ಈ ಲೆಕ್ಕದ ಪಕ್ಕದಲ್ಲಿಯೇ ಇನ್ನೊಂದು ಸಂಗತಿಯನ್ನು ಬರೆದಿಡಬೇಕು. ಅದನ್ನು ಬರೆದಿಡುವವರು ಕಡಮೆ. ಮುಂಬಯಿಗೆ ಅಂಟಿಕೊಂಡಂತೆಯೇ ಇರುವ, ಗಲಭೆಗಳ ಇತಿಹಾಸದಲ್ಲಿ ಮುಂಬಯಿಗಿಂತ ಹೆಚ್ಚು ಅಪಕೀರ್ತಿಯನ್ನು ಹೊತ್ತಿದ್ದ ಭಿವಂಡಿಯೆಂಬ ಮಗ್ಗಗಳ ಊರು ಆ ದಿನಗಳಲ್ಲಿ ಶಾಂತವಾಗಿಯೇ ಇದ್ದಿತು. ಉರಿಯಬೇಕೆಂದು ಎಲ್ಲರೂ ನಿರೀಕ್ಷಿಸಿದ್ದ ಊರು ಉರಿಯಲಿಲ್ಲ.

ಇಂತಹ ನಿರೀಕ್ಷೆಗೆ ಕಾರಣವಿಲ್ಲದೆ ಇರಲಿಲ್ಲ. ಠಾಣೆ ಜಿಲ್ಲೆಯ ಭಿವಂಡಿಯಲ್ಲಿ ಹಳೆಯ ಕೊಂಕಣಿ ಮುಸಲ್ಮಾನ ಮನೆತನಗಳಿವೆ. 1857ರ ದಂಗೆಯ ತರುವಾಯ ಉತ್ತರಪ್ರದೇಶದ ನೇಕಾರ ಊರುಗಳಿಂದ ವಲಸೆ ಬಂದು ನೆಲೆಸಿದ ಮೋಮಿನರಿದ್ದಾರೆ. ತೆಲುಗು ನಾಡಿನಿಂದ ಬಂದ ಪದ್ಮಶಾಲಿಗಳಿದ್ದಾರೆ. ಸುತ್ತಣ ಹಳ್ಳಿಗಳ ಆಗ್ರಿಗಳೂ ಮರಾಠರೂ ಇದ್ದಾರೆ. ಹಗಲಿರುಳೆನ್ನದೆ ಖಟಖಟಿಸುವ ವಿದ್ಯುನ್ಮಗ್ಗಗಳ ನಡುವೆ ಒಬ್ಬನ ನೂಲು, ಇನ್ನೊಬ್ಬನ ಮಗ್ಗ, ಮತ್ತೊಬ್ಬನ ಕೈ, ಮಗದೊಬ್ಬನ ದಲಾಲಿ ಎಂಬಂತೆ ಹೆಣೆದುಕೊಂಡ ಬದುಕು ಅಲ್ಲಿಯದು. ಪರಸ್ಪರಾವಲಂಬನವೊಂದೇ ಸೌಹಾರ್ದಕ್ಕೆ ಸಾಕಾಗುವುದಾಗಿದ್ದರೆ ಭಿವಂಡಿಯಷ್ಟು ಶಾಂತವಾದ ಊರು ಮತ್ತೊಂದಿರಬಾರದಾಗಿದ್ದಿತು. ಆದರೆ 1970ರ ಮೇ ತಿಂಗಳಲ್ಲಿ ಶಿವಜಯಂತಿಯ ಮೆರವಣಿಗೆಯಿಂದ ಹೊತ್ತಿದ ಕಿಡಿ ಆ ಊರನ್ನಷ್ಟೇ ಅಲ್ಲದೆ ಜಳಗಾಂವಿಯನ್ನೂ ಮಹಾಡನ್ನೂ ವ್ಯಾಪಿಸಿ, ನ್ಯಾಯಮೂರ್ತಿ ಮಾದನ್ ಅವರ ಆಯೋಗದ ಸಂಪುಟಗಳಿಗೆ ವಸ್ತುವಾಯಿತು. 1984ರ ಮೇ ತಿಂಗಳಲ್ಲಿ ಮತ್ತೆ ಅದೇ ಊರು, ಮತ್ತೆ ಅದೇ ಹೊಗೆ. ವ್ಯಾಪಾರದ ನಂಟು ವ್ಯಾಪಾರದ ಹೊತ್ತಿಗೆ ಮಾತ್ರ ಸಲ್ಲುವ ನಂಟೆಂಬುದನ್ನು ಭಿವಂಡಿ ಎರಡು ಬಾರಿ ತೋರಿಸಿಕೊಟ್ಟಿತು.

1988ರಲ್ಲಿ ಆ ಊರಿಗೆ ಪೊಲೀಸ್ ಉಪ ಆಯುಕ್ತರಾಗಿ ಬಂದ ಸುರೇಶ್ ಖೋಪಡೆಯವರು ಮಾಡಿದ ಕೆಲಸವನ್ನು ಹೇಳಹೊರಟರೆ ಅದು ಬಹು ಸಣ್ಣದಾಗಿ ತೋರುತ್ತದೆ. ಹಳೆಯ ಗಲಭೆಗಳ ಕಡತಗಳನ್ನು ಓದಿ, ಬಂದೂಕನ್ನೂ ಬಂದೋಬಸ್ತನ್ನೂ ಹೆಚ್ಚಿಸುವುದರಿಂದ ಆ ಊರಿನ ರೋಗ ಹೋಗುವುದಿಲ್ಲವೆಂದು ಮನಗಂಡ ಅವರು, ಊರನ್ನು ಮೊಹಲ್ಲಾ ಮೊಹಲ್ಲಾಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಹಿಂದುಗಳೂ ಮುಸಲ್ಮಾನರೂ ಸಮಸಂಖ್ಯೆಯಲ್ಲಿರುವ ಸಮಿತಿಯೊಂದನ್ನು ಕಟ್ಟಿ, ಆಯಾ ಭಾಗದ ಪೊಲೀಸ್ ಅಧಿಕಾರಿಯನ್ನೇ ಅದರ ಸಭೆಗಳಲ್ಲಿ ಕೂರಿಸಿದರು. ಹೀಗೆ ಸುಮಾರು 70 ಸಮಿತಿಗಳಾದವು. ಸದಸ್ಯರು ಯಾರು? ಮಗ್ಗದ ಕೆಲಸಗಾರ, ಕಿರಾಣಿ ಅಂಗಡಿಯವನು, ಶಾಲೆಯ ಮಾಸ್ತರು, ಕಾಂಪೌಂಡರು, ಹೆಂಗಸರು, ಇಂಥವರು. ಸಮುದಾಯದ ಮುಖಂಡರೆಂಬ ಹೆಸರಿನಲ್ಲಿ ಪ್ರತಿಯೊಂದು ವೇದಿಕೆಯ ಮೇಲೂ ಕಾಣಿಸಿಕೊಳ್ಳುವ ಕಸುಬಿನವರನ್ನು ಆದಷ್ಟು ದೂರವಿಟ್ಟದ್ದು ಈ ಯೋಜನೆಯ ಜಾಣತನ. ಮುಖಂಡನಿಗೆ ತನ್ನ ಹಿಂದೆ ಒಂದು ಗುಂಪಿದೆಯೆಂದು ತೋರಿಸಿಕೊಳ್ಳುವ ಹಂಗುಂಟು. ಕಿರಾಣಿಯವನಿಗೆ ನಾಳೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದರೆ ಸಾಕು.

ಈ ಸಭೆಗಳಲ್ಲಿ ಏನು ಮಾತಾಗುತ್ತಿದ್ದಿತೆಂಬುದನ್ನು ತಿಳಿದಾಗ ವೇದಾಂತದ ರುಚಿ ಹತ್ತಿದವರಿಗೆ ನಿರಾಶೆಯಾದೀತು. ಧರ್ಮಗಳ ಸಮನ್ವಯವಲ್ಲ, ಸರ್ವಮತಗಳ ಸಾರವಲ್ಲ. ನಲ್ಲಿಗೆ ನೀರು ಬರುವ ಹೊತ್ತು, ಕಟ್ಟಿಕೊಂಡ ಗಟಾರ, ಕಸದ ಗುಡ್ಡೆ, ಕುಡಿದು ಬಂದು ಹೆಂಡತಿಯನ್ನು ಹೊಡೆಯುವ ನೆರೆಯವನು, ಪುಂಡ ಹುಡುಗರ ಕಾಟ, ದಾರಿಗೆ ಅಡ್ಡವಾದ ಕೈಗಾಡಿ. ಎರಡು ಮನೆಗಳ ಗೋಡೆಯ ನಡುವೆ ಹರಿಯುವ ಗಟಾರ ಯಾವ ಮತದ್ದೆಂದು ಯಾರೂ ಕೇಳುವುದಿಲ್ಲ. ಅದು ಉಕ್ಕಿದಾಗ ಇಬ್ಬರ ಹೊಸ್ತಿಲಿಗೂ ಬರುತ್ತದೆ. ಆ ಗಟಾರವನ್ನು ತೆಗೆಸಲು ನಗರಪಾಲಿಕೆಗೆ ಒಟ್ಟಾಗಿ ಅರ್ಜಿ ಬರೆದು, ಒಬ್ಬ ಉರ್ದುವಿನಲ್ಲೂ ಒಬ್ಬ ಮರಾಠಿಯಲ್ಲೂ ರುಜು ಹಾಕಿ, ಒಟ್ಟಾಗಿ ಹೋಗಿ ಬಾಗಿಲಲ್ಲಿ ಕಾದು ನಿಂತವರಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿದಿರುತ್ತದೆ, ಮನೆ ತಿಳಿದಿರುತ್ತದೆ, ಮನೆಯಲ್ಲಿ ಯಾರಿಗೆ ಕಾಯಿಲೆ ಎಂಬುದೂ ತಿಳಿದಿರುತ್ತದೆ. ಕರುಣೆಯೆಂಬುದು ಅಪರಿಚಿತನ ಮೇಲೆ ಆಕಾಶದಿಂದ ಸುರಿಯುವ ಮಳೆಯಲ್ಲ. ಪರಿಚಯದ ನೆಲದಲ್ಲಿ ಅದು ಬೇರು ಬಿಡಬೇಕು ಎಂಬುದನ್ನು ಒಬ್ಬ ಪೊಲೀಸ್ ಅಧಿಕಾರಿ ಕಂಡುಕೊಂಡದ್ದು ನನಗೆ ಅತ್ಯಂತ ಸ್ವಾರಸ್ಯವಾಗಿ ತೋರುತ್ತದೆ. ಈ ವಿಷಯದಲ್ಲಿ ನಮ್ಮ ಧರ್ಮಪೀಠಗಳಿಗಿಂತ ಖಾಕಿಯ ಅಂಗಿಯೇ ಮುಂದಾಯಿತೆಂಬುದು ನಗುವ ಮಾತೋ ಅಳುವ ಮಾತೋ ಓದುಗರೇ ತೀರ್ಮಾನಿಸಲಿ.

ಗಲಭೆಯೆಂಬುದು ಹೇಗೆ ಹುಟ್ಟುತ್ತದೆಂಬುದನ್ನು ಬಲ್ಲವರಿಗೆ ಈ ಪರಿಚಯದ ಬೆಲೆ ಬೇಗ ತಿಳಿಯುತ್ತದೆ. ಕಲ್ಲಿಗಿಂತ ಮೊದಲು ಮಾತು ಹಾರುತ್ತದೆ. ಆ ಕಡೆಯ ಗಲ್ಲಿಯಲ್ಲಿ ಕತ್ತಿಗಳನ್ನು ಕೂಡಿಟ್ಟಿದ್ದಾರಂತೆ, ಹಾಲಿನಲ್ಲಿ ವಿಷ ಬೆರೆತಿದೆಯಂತೆ, ಇಂದು ರಾತ್ರಿ ಬರುತ್ತಾರಂತೆ: ‘ಅಂತೆ’ಗಳ ಈ ಸಂತೆಯಲ್ಲಿ ಸತ್ಯವನ್ನು ವಿಚಾರಿಸಿಕೊಳ್ಳಲು ಆ ಕಡೆಯ ಗಲ್ಲಿಯಲ್ಲಿ ಒಬ್ಬನಾದರೂ ಪರಿಚಿತನಿರಬೇಕು, ಬರಿಯ ಪರಿಚಿತನಲ್ಲ, ಅಪರಾತ್ರಿಯಲ್ಲಿ ಬಾಗಿಲು ಬಡಿದರೆ ತೆರೆಯುವಷ್ಟು ಪರಿಚಿತನಿರಬೇಕು. ಸಮಿತಿಯಿದ್ದಲ್ಲಿ ಅಂಥವರು ಹತ್ತಾರು ಮಂದಿ ಇರುತ್ತಾರೆ. ಅವರು ಹೋಗಿ ನೋಡಿ ಬಂದು, ಕತ್ತಿಯೂ ಇಲ್ಲ ಗಿತ್ತಿಯೂ ಇಲ್ಲ, ಅಲ್ಲಿಯವರು ನಿಮ್ಮ ಭಯದಿಂದ ಎಚ್ಚರವಾಗಿ ಕುಳಿತಿದ್ದಾರೆಂದು ಹೇಳಬಲ್ಲರು, ಹೇಳಿದರೆ ನಂಬಿಸಬಲ್ಲರು. ಬೀಟಿನ ಪೇದೆಗೂ ಬೀದಿಯ ಮುಖಗಳ ಗುರುತಿರುವುದರಿಂದ ಅವನು ಲಾಠಿಯನ್ನು ಕುರುಡಾಗಿ ಬೀಸಬೇಕಾಗುವುದಿಲ್ಲ. 1992ರ ಆ ಚಳಿಗಾಲದಲ್ಲಿ ಭಿವಂಡಿಯನ್ನು ಕಾಪಾಡಿದ ಶಕ್ತಿಗಳಲ್ಲಿ ಇದು ಮುಖ್ಯವಾದುದು. ಅನಂತರ ಖೋಪಡೆಯವರು ತಮ್ಮ ಅನುಭವವನ್ನು ಮರಾಠಿಯಲ್ಲಿ ಪುಸ್ತಕವಾಗಿ ಬರೆದರು. ಮುಂಬಯಿ ಉರಿಯಿತು, ಭಿವಂಡಿ ಏಕೆ ಉರಿಯಲಿಲ್ಲ ಎಂಬ ಪ್ರಶ್ನೆಯೇ ಅದರ ಹೆಸರು.

ಕೋಮು ಗಲಭೆಯ ಎದುರಿನಲ್ಲಿ ನಿಂತವರೆಂದೊಡನೆ ನಮ್ಮ ನೆನಪಿಗೆ ಬರುವವರು ಬೇರೆಯ ಬಗೆಯ ಮಹನೀಯರು. 1931ರ ಮಾರ್ಚ್ 25ರಂದು ಕಾನ್ಪುರದ ಬೀದಿಗಳಲ್ಲಿ ಎರಡು ಕಡೆಯವರನ್ನೂ ರಕ್ಷಿಸುತ್ತ ಹೋಗಿ ಪ್ರಾಣ ತೆತ್ತ ಪತ್ರಿಕಾಕರ್ತ ಗಣೇಶ ಶಂಕರ ವಿದ್ಯಾರ್ಥಿ. 1946ರ ಜುಲೈ 1ರಂದು ಅಹಮದಾಬಾದಿನಲ್ಲಿ ರಥಯಾತ್ರೆಯ ದಿನ ಹೊತ್ತಿದ ಗಲಭೆಯನ್ನು ತಡೆಯಹೋಗಿ ಜೊತೆಯಾಗಿಯೇ ಮಡಿದ ವಸಂತರಾವ್ ಹೆಗಿಷ್ಟೆ ಮತ್ತು ರಜಬ್ ಅಲಿ ಲಾಖಾನಿ. 1947ರ ಸೆಪ್ಟೆಂಬರಿನಲ್ಲಿ ಕಲಕತ್ತೆಯ ಬೇಲಿಯಾಘಾಟದ ಹೈದರಿ ಮಂಜಿಲ್‌ನಲ್ಲಿ ಉಪವಾಸ ಕುಳಿತು ಇಡೀ ನಗರವನ್ನು ಶಸ್ತ್ರ ಕೆಳಗಿಡುವಂತೆ ಮಾಡಿದ ಮಹಾತ್ಮ ಗಾಂಧಿಯವರು. ಇವರ ಪಾದಧೂಳಿಗೆ ನಮಸ್ಕಾರ. ಆದರೆ ಇವರೆಲ್ಲರೂ ಬೆಂಕಿ ಹೊತ್ತಿದ ಮೇಲೆ ಅದರೊಳಕ್ಕೆ ನಡೆದವರು, ಮತ್ತು ಅಂಥವರನ್ನು ಯಾವ ಸಮಾಜವೂ ಬೇಕಾದಾಗ ಬೇಕಾದಷ್ಟು ಪಡೆಯಲಾರದು. ಭಿವಂಡಿಯ ಕಿರಾಣಿಯವನಿಂದ ಯಾರೂ ಬಲಿದಾನವನ್ನು ಬೇಡಲಿಲ್ಲ. ಸಭೆಗೆ ತಪ್ಪದೆ ಬರುವಂತೆ ಬೇಡಿದರು, ಅಷ್ಟೆ. ಹುತಾತ್ಮರ ಸಂಖ್ಯೆ ಕಡಮೆಯಾಗಬೇಕಾದರೆ ಹಾಜರಿ ಪುಸ್ತಕದಲ್ಲಿ ರುಜು ಹಾಕುವವರ ಸಂಖ್ಯೆ ಹೆಚ್ಚಬೇಕು ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು.

ಮುಂಬಯಿ ಈ ಪಾಠವನ್ನು ತಡವಾಗಿ ಕಲಿಯಿತು. ಬಹಳ ಬೆಲೆಯನ್ನು ತೆತ್ತು ಕಲಿಯಿತು. ಗಲಭೆಗಳ ಹಿಂದೆಯೇ, 1993ರ ಮಾರ್ಚ್ 12ರಂದು ಸಾಲಾಗಿ ಸಿಡಿದ ಬಾಂಬುಗಳಿಗೆ 257 ಮಂದಿ ಬಲಿಯಾದರು. ಊರಿನ ಒಂದು ಭಾಗದವರಿಗೆ ಪೊಲೀಸರ ಮೇಲಿದ್ದ ವಿಶ್ವಾಸ ಸಂಪೂರ್ಣವಾಗಿ ಸತ್ತುಹೋಗಿದ್ದ ಕಾಲವದು. ಆಗ ಪೊಲೀಸ್ ಕಮಿಷನರರಾಗಿ ಬಂದ ಸತೀಶ್ ಸಾಹನಿ, ಹಿಂದೆ ಅದೇ ಹುದ್ದೆಯನ್ನು ನಿರ್ವಹಿಸಿ ಪಂಜಾಬಿನ ಕಷ್ಟಕಾಲವನ್ನೂ ಕಂಡು ನಿವೃತ್ತರಾಗಿದ್ದ ಜೂಲಿಯೊ ರಿಬೇರೊ, ಗಲಭೆಪೀಡಿತರ ನಡುವೆ ಶಾಂತಿಕಾರ್ಯದಲ್ಲಿ ತೊಡಗಿದ್ದ ಸುಶೋಭಾ ಬರ್ವೆ, ಇವರ ಪ್ರಯತ್ನದಿಂದ ಮುಂಬಯಿಯಲ್ಲಿಯೂ ಮೊಹಲ್ಲಾ ಸಮಿತಿಗಳ ಚಳವಳಿ ಪ್ರಾರಂಭವಾಯಿತು. ನೊಂದವರೂ ನೋಯಿಸಿದವರ ನೆರೆಯವರೂ ಒಂದೇ ಚಾಪೆಯ ಮೇಲೆ ಕುಳಿತು, ಎದುರಿಗಿದ್ದ ಪೊಲೀಸ್ ಅಧಿಕಾರಿಗೆ ತಮ್ಮ ಕೋಪವನ್ನೆಲ್ಲ ಮೊದಲು ಹೇಳಿ ಮುಗಿಸಬೇಕಾಗಿದ್ದಿತು. ಅದನ್ನು ಕೇಳಿಸಿಕೊಂಡು ಕೂರುವ ತಾಳ್ಮೆ ಅಧಿಕಾರಿಗೆ ಬರಬೇಕಾಗಿದ್ದಿತು. ಗಲಭೆಯಾಗಿ ಹೋದ ಮೇಲೆ ಕಟ್ಟುವ ಸಮಿತಿಗೂ ಮೊದಲೇ ಕಟ್ಟಿದ ಸಮಿತಿಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ: ಭಿವಂಡಿಯವರು ಗಟಾರದಿಂದ ತೊಡಗಬಹುದಾಗಿದ್ದಿತು, ಮುಂಬಯಿಯವರು ಗೋರಿಗಳಿಂದಲೂ ಚಿತೆಗಳಿಂದಲೂ ತೊಡಗಬೇಕಾಯಿತು.

ಆದರೂ ತೊಡಗಿದರು. ಎಲ್ಲ ಮತಗಳ ಹುಡುಗರೂ ಪೊಲೀಸರೂ ಕಲೆತು ಆಡುವ ಕ್ರಿಕೆಟ್ ಪಂದ್ಯಗಳು ಬಂದವು. ಗಣೇಶ ವಿಸರ್ಜನೆಯ ಹಾದಿಯಲ್ಲಿಯೂ ಮೊಹರಮ್ಮಿನ ಹಾದಿಯಲ್ಲಿಯೂ ಎರಡು ಸಮುದಾಯಗಳ ಸ್ವಯಂಸೇವಕರು ನಿಂತರು. ಈ ಎಲ್ಲದರಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಧಾರಾವಿಯ ಕಥೆ. ಗಲಭೆಯ ಕಿಡಿ ಬಹು ಬೇಗ ಹಾರಿದ ಕೇರಿಗಳಲ್ಲಿ ಒಂದಾದ ಧಾರಾವಿಯಲ್ಲಿ ಸಿದ್ಧ ಉಡುಪುಗಳ ಕೆಲಸ ನಡೆಸುತ್ತಿದ್ದ ವಕಾರ್ ಖಾನ್ ಎಂಬವರು ಒಂದು ಭಿತ್ತಿಪತ್ರವನ್ನು ಮಾಡಿಸಿದರು. ನಾಲ್ವರು ಪುಟ್ಟ ಹುಡುಗರು ಸಾಲಾಗಿ ನಿಂತಿದ್ದಾರೆ. ಒಬ್ಬನದು ಹಿಂದುವಿನ ವೇಷ, ಒಬ್ಬನದು ಮುಸಲ್ಮಾನನದು, ಒಬ್ಬನದು ಸಿಖ್ಖನದು, ಒಬ್ಬನದು ಕ್ರೈಸ್ತನದು. ನಾವೆಲ್ಲರೂ ಒಂದೇ ಎಂಬರ್ಥದ ಹಿಂದಿಯ ಬರಹ. ಕಲಾವಿಮರ್ಶಕರ ಕಣ್ಣಿಗೆ ಇದು ತೀರ ಸಾಮಾನ್ಯ. ಶಾಲೆಯ ವಾರ್ಷಿಕೋತ್ಸವದ ವೇಷಭೂಷಣ ಸ್ಪರ್ಧೆಯಲ್ಲಿ ವರ್ಷವರ್ಷವೂ ಕಾಣುವಂಥದು. ಆದರೆ ಸರಕಾರದ ಜಾಹೀರಾತಿನಲ್ಲಿ ಬರುವ ಅದೇ ಚಿತ್ರಕ್ಕೂ, ಗಲಭೆಯನ್ನು ಕಣ್ಣಾರೆ ಕಂಡ ಕೇರಿಯವನೊಬ್ಬ ತನ್ನ ಕೇರಿಯ ಗೋಡೆಗಾಗಿ ಮಾಡಿಸಿದ ಚಿತ್ರಕ್ಕೂ ಭೂಮ್ಯಾಕಾಶಗಳ ಅಂತರವುಂಟು. ಅದು ಗೋಡೆಯಿಂದ ಗೋಡೆಗೆ ಹಬ್ಬಿತು, ಪೊಲೀಸ್ ಠಾಣೆಗಳಿಗೂ ಹೋಯಿತು. ಈ ವಕಾರ್ ಖಾನರೂ ಅವರ ಗೆಳೆಯ ಭಾವು ಕೊರ್ಡೆಯವರೂ ಧಾರಾವಿಯ ಸಮಿತಿಗಳಲ್ಲಿ ಜೊತೆಯಾಗಿ ದುಡಿದು, ಸೌಹಾರ್ದಕ್ಕಾಗಿ ಚಿತ್ರಗಳನ್ನೂ ಕಿರುಚಿತ್ರಗಳನ್ನೂ ನೆರೆಯವರ ಕೂಡ ಸೇರಿ ತಯಾರಿಸಿದ ಬಗೆಯನ್ನು ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಅಧ್ಯಾಪಕರಾಗಿದ್ದ ಅಂಜಲಿ ಮೊಂತೇರೊ ಮತ್ತು ಕೆ. ಪಿ. ಜಯಶಂಕರ್ 2003ರಲ್ಲಿ ‘ನಾತಾ’ ಎಂಬ ಸಾಕ್ಷ್ಯಚಿತ್ರವನ್ನಾಗಿ ಮಾಡಿದರು.

ಈ ಅನುಭವಕ್ಕೆ ಶಾಸ್ತ್ರದ ಆಧಾರವನ್ನು ಒದಗಿಸಿದವರು ಆಶುತೋಷ್ ವಾರ್ಷ್ಣೇಯ. 1950ರಿಂದ 1995ರವರೆಗಿನ ಹಿಂದು–ಮುಸ್ಲಿಂ ಗಲಭೆಗಳ ಲೆಕ್ಕವನ್ನು ಕೂಡಿಹಾಕಿ 2002ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ತೋರಿಸಿದ ಸಂಗತಿ, ನಮ್ಮ ದೇಶದ ಬಹುಭಾಗ ಗಲಭೆಗಳಿಂದ ದೂರವಾಗಿಯೇ ಇದೆಯೆಂಬುದು: ಮಡಿದವರಲ್ಲಿ ಹಳ್ಳಿಗಳ ಪಾಲು ನೂರಕ್ಕೆ ನಾಲ್ಕನ್ನೂ ಮುಟ್ಟದು, ಸಾವುಗಳಲ್ಲಿ ಸುಮಾರು ಅರ್ಧದಷ್ಟು ಕೇವಲ ಎಂಟು ನಗರಗಳವು. ಹಾಗಾದರೆ ಅಲಿಗಢದಲ್ಲಿ ಆಗುವುದು ಕಲ್ಲಿಕೋಟೆಯಲ್ಲಿ ಏಕೆ ಆಗುವುದಿಲ್ಲ? ಹಳ್ಳಿಯಲ್ಲಿ ನಿತ್ಯದ ನೆರೆಹೊರೆ ಸಾಕಾಗುತ್ತದೆ, ಏಕೆಂದರೆ ಅಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. ನಗರದಲ್ಲಿ ಹಾಗಲ್ಲ, ಅಲ್ಲಿ ಎರಡು ಸಮುದಾಯಗಳವರು ಒಟ್ಟಾಗಿ ಕೂಡುವ ಸಂಘ, ವ್ಯಾಪಾರಿ ಮಂಡಲಿ, ಕಾರ್ಮಿಕ ಸಂಘಟನೆ, ವಾಚನಾಲಯ, ಪಕ್ಷ ಮುಂತಾದ ವ್ಯವಸ್ಥೆಗಳಿರಬೇಕು ಎಂಬುದು ಅವರ ಉತ್ತರ. ಹಾಗೆ ತಾನಾಗಿ ಬೆಳೆಯದ ಕಡೆಯಲ್ಲಿ ಅದನ್ನು ಕಟ್ಟಿ ಬೆಳೆಸಬಹುದೆಂಬುದಕ್ಕೆ ಅವರು ಎತ್ತಿ ಹೇಳಿದ ದೃಷ್ಟಾಂತವೇ ಭಿವಂಡಿ.

ಇಷ್ಟು ಹೊಗಳಿದ ಮೇಲೆ ಕುಂದುಗಳನ್ನೂ ಹೇಳದಿದ್ದರೆ ಲೇಖನ ಸ್ತೋತ್ರವಾದೀತು. ಒಬ್ಬ ಅಧಿಕಾರಿಯ ಉತ್ಸಾಹದಿಂದ ಹುಟ್ಟಿದ ವ್ಯವಸ್ಥೆ ಅವನ ವರ್ಗಾವಣೆಯೊಡನೆ ಸೊರಗತೊಡಗುವುದು ಸರಕಾರಿ ಜಗತ್ತಿನ ಹಳೆಯ ಜಾಡ್ಯ. ಭಿವಂಡಿಯಲ್ಲಿಯೂ ಸಮಿತಿಗಳು ಕ್ರಮೇಣ ಕಳೆಗುಂದಿದವು. 2006ರ ಜುಲೈಯಲ್ಲಿ, ಸ್ಮಶಾನಭೂಮಿಯ ಪಕ್ಕದ ವಿವಾದಿತ ನೆಲದಲ್ಲಿ ಪೊಲೀಸ್ ಠಾಣೆಯನ್ನು ಕಟ್ಟಹೊರಟ ಪ್ರಸಂಗದಿಂದ ಊರು ಕೆರಳಿ, ಗೋಲಿಬಾರಿನಲ್ಲಿ ನಾಗರಿಕರೂ ಗುಂಪಿನ ಕೈಗೆ ಸಿಕ್ಕ ಇಬ್ಬರು ಪೇದೆಗಳೂ ಸತ್ತರು. ಹಿಂದು–ಮುಸ್ಲಿಂ ಗಲಭೆಯಲ್ಲ ಅದು, ನಿಜ. ಆದರೆ ಜನರಿಗೂ ಠಾಣೆಗೂ ನಡುವೆ ಕಟ್ಟಿದ್ದ ಸೇತುವೆ ಶಿಥಿಲವಾಗಿದ್ದುದರ ಕುರುಹು ಅಹುದು. ಇನ್ನೊಂದು ಕುಂದು ಇದಕ್ಕಿಂತ ಆಳವಾದುದು. ಶ್ರೀಕೃಷ್ಣ ಆಯೋಗದ ವರದಿಯನ್ನು ಅಂದಿನ ರಾಜ್ಯ ಸರಕಾರ ಪಕ್ಷಪಾತದ್ದೆಂದು ತಳ್ಳಿಹಾಕಿತು. ಅದರಲ್ಲಿ ತಪ್ಪಿತಸ್ಥರೆಂದು ಹೆಸರಿಸಲ್ಪಟ್ಟ ಪೊಲೀಸರಲ್ಲಿ ಬಹುತೇಕರು ಶಿಕ್ಷೆಯನ್ನು ಕಾಣಲಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ನ್ಯಾಯವನ್ನು ಕೊಡದೆ, ನೆರೆಯವನೊಡನೆ ಚಹಾ ಕುಡಿಯೆಂದು ಹೇಳುವ ಶಾಂತಿ ಅರ್ಧ ಶಾಂತಿ. ಸಮಿತಿಗಳು ನ್ಯಾಯಾಲಯದ ಕೆಲಸವನ್ನು ಮಾಡಲಾರವು. ಮಾಡಿದೆವೆಂದು ಅವು ಹೇಳಿಕೊಂಡದ್ದೂ ಇಲ್ಲ. ಕರುಣೆಯನ್ನು ನ್ಯಾಯದ ಬದಲಿಗೆ ಹಂಚಿ ಕೈತೊಳೆದುಕೊಳ್ಳುವ ಆಡಳಿತವನ್ನು ಮಾತ್ರ ಯಾವ ಸಮಿತಿಯ ಹೆಸರಿನಲ್ಲಿಯೂ ಕ್ಷಮಿಸಲಾಗದು.

ಮುಂಬಯಿಯ ಈ ವೃತ್ತಾಂತವನ್ನು ಕನ್ನಡದ ಓದುಗರ ಮುಂದೆ ಇಡುವಾಗ ನಮ್ಮಲ್ಲಿ ಇಂಥದೇನಿದೆಯೆಂಬ ಪ್ರಶ್ನೆ ಏಳದಿರದು. ನಮ್ಮ ಉತ್ತರ ಸಿದ್ಧವಾಗಿದೆ: ಶಿಶುನಾಳ ಶರೀಫರು, ಅವರ ಗುರು ಗೋವಿಂದಭಟ್ಟರು, ಒಬ್ಬ ಮುಸಲ್ಮಾನನೂ ಇಲ್ಲದ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದುಗಳೇ ಅಲಾಯಿ ಕುಣಿದು ನಡೆಸುವ ಮೊಹರಂ. ಇವೆಲ್ಲ ನಿಜ, ಇವು ನಮ್ಮ ಭಾಗ್ಯ. ಆದರೆ ಇವು ಹಳ್ಳಿಯ ನೆರೆಹೊರೆಯ ಫಲಗಳು. ಬಡಾವಣೆಗೆ ಬಡಾವಣೆ ಬೇರ್ಪಟ್ಟು, ಬಾಡಿಗೆಗೆ ಮನೆ ಕೊಡುವ ಮುನ್ನ ಹೆಸರನ್ನು ಕೇಳುವ ನಗರಕ್ಕೆ ಇವನ್ನು ಹಾಗೆಯೇ ತಂದು ನೆಡಲಾಗದು. ಶರೀಫರ ಹೆಸರನ್ನು ವೇದಿಕೆಯ ಮೇಲಿಂದ ಹೇಳಿ, ಚಪ್ಪಾಳೆ ಗಿಟ್ಟಿಸಿ, ತಂತಮ್ಮ ಬಡಾವಣೆಗಳಿಗೆ ಮರಳುವವರಲ್ಲಿ ಎಷ್ಟು ಮಂದಿಗೆ ಇನ್ನೊಂದು ಮತದ ಒಬ್ಬನ ಮನೆಯ ಬಾಗಿಲನ್ನು ಅಪರಾತ್ರಿಯಲ್ಲಿ ಬಡಿಯುವ ಸಲಿಗೆಯಿದೆ?

ನಗರಗಳಲ್ಲಿ ನಮಗಿರುವುದು ಶಾಂತಿಸಭೆ. ಗಣೇಶನ ಹಬ್ಬಕ್ಕೋ ಈದ್ ಮಿಲಾದಿಗೋ ನಾಲ್ಕು ದಿನ ಮುಂಚೆ ಠಾಣೆಯ ಆವರಣದಲ್ಲಿ ಶಾಮಿಯಾನ ಹಾಕಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಜೋಡಿಸಿ ನಡೆಸುವ ಆ ಸಭೆಯನ್ನು ನಾನು ಕಂಡಿದ್ದೇನೆ. ಮುಂದಿನ ಸಾಲಿನಲ್ಲಿ ಕಳೆದ ವರ್ಷದ ಮುಖಂಡರೇ ಕುಳಿತಿರುತ್ತಾರೆ. ಧ್ವನಿವರ್ಧಕದ ಸದ್ದಿನ ಮಿತಿ, ಮೆರವಣಿಗೆಯ ಹಾದಿ, ಹತ್ತು ಗಂಟೆಯ ಗಡುವು ಎಂದು ಇನ್‌ಸ್ಪೆಕ್ಟರು ಪಟ್ಟಿಯನ್ನು ಓದುತ್ತಾರೆ. ನಾವೆಲ್ಲರೂ ಅಣ್ಣತಮ್ಮಂದಿರಂತಿದ್ದೇವೆಂದು ಎರಡು ಕಡೆಯ ಹಿರಿಯರೂ ಒಂದೊಂದು ಮಾತನಾಡುತ್ತಾರೆ. ಚಹಾ, ಬಿಸ್ಕತ್ತು, ಛಾಯಾಚಿತ್ರ. ಹೆಂಗಸರು ಕಾಣುವುದಿಲ್ಲ, ಮೆರವಣಿಗೆಯಲ್ಲಿ ನಿಜವಾಗಿ ಕುಣಿಯುವ ಹುಡುಗರೂ ಕಾಣುವುದಿಲ್ಲ. ಈ ಸಭೆ ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ಭಯದಿಂದ ಕರೆದ ಸಭೆಯಾದ್ದರಿಂದ ಅಲ್ಲಿ ಭಯದ ಮಾತೇ ನಡೆಯುತ್ತದೆ, ಹಬ್ಬ ಮುಗಿದ ಮರುದಿನ ಶಾಮಿಯಾನವನ್ನು ಬಿಚ್ಚುವಂತೆ ಪರಿಚಯವನ್ನೂ ಬಿಚ್ಚಿಡಲಾಗುತ್ತದೆ.

ಆದುದರಿಂದ ಠಾಣಾಧಿಕಾರಿಗಳಲ್ಲಿಯೂ ಮಠ, ಮಸೀದಿ, ಇಗರ್ಜಿಗಳ ಹಿರಿಯರಲ್ಲಿಯೂ ನನ್ನದೊಂದು ಬಿನ್ನಹ. ಯಾವ ಹಬ್ಬವೂ ಇಲ್ಲದ, ಯಾವ ಮೆರವಣಿಗೆಯೂ ಹೊರಡದ ಒಂದು ತಿಂಗಳನ್ನು ಪಂಚಾಂಗದಲ್ಲಿ ಹುಡುಕಿ, ಆ ತಿಂಗಳಲ್ಲಿ ಮೊದಲ ಸಭೆಯನ್ನು ಕರೆಯಿರಿ. ಅದನ್ನು ಠಾಣೆಯಲ್ಲಿ ಕರೆಯದೆ ಬಡಾವಣೆಯ ಸರಕಾರಿ ಶಾಲೆಯಲ್ಲಿ ಕರೆಯಿರಿ. ಮುಖಂಡರಿಗೆ ಆಹ್ವಾನ ಪತ್ರಿಕೆಯನ್ನು ಕಳಿಸಬೇಡಿ. ಕಿರಾಣಿಯವರನ್ನೂ ಅಂಗನವಾಡಿಯ ಕಾರ್ಯಕರ್ತೆಯರನ್ನೂ ಆಟೋ ನಿಲ್ದಾಣದ ಹುಡುಗರನ್ನೂ ಕರೆಯಿರಿ. ಭಾಷಣಗಳನ್ನು ಬಿಟ್ಟು, ಬೀದಿಯಲ್ಲಿ ಕೆಟ್ಟು ನಿಂತಿರುವ ದೀಪವನ್ನೋ ಕಟ್ಟಿಕೊಂಡ ಚರಂಡಿಯನ್ನೋ ಅಂದಿನ ವಿಷಯವನ್ನಾಗಿ ಮಾಡಿ, ಎರಡನೆಯ ಸಭೆಯ ತಾರೀಖನ್ನು ನಿಶ್ಚಯಿಸಿಯೇ ಎದ್ದೇಳಿ.